ವರ್ಲ್ಡ್ ಬ್ಯಾಂಕ್ ದುಡ್ಡು ಯಾರ ದುಡ್ಡು?

ಕೂಡ್ಲಿಗಿ, ಕಾನಹೊಸಹಳ್ಳಿ ಕಡೆ ಕೆರೆ ಏರಿಯ ಮೇಲೆ ಯೋಜನೆಯ ಬೋರ್ಡು ಎದ್ದರೆ ಒಂದು ಮಾತು ಹುಟ್ಟುತ್ತದೆ: ‘ವರ್ಲ್ಡ್ ಬ್ಯಾಂಕ್ ದುಡ್ಡು ಬಂದೈತೆ, ನಮ್ದೇನು ಹೋಗತೈತೆ?’ ಅದೇ ಕಟ್ಟೆಯ ಮೇಲೆ ಕೂತ ಇನ್ನೊಬ್ಬರು, ‘ದೇಶಾನೇ ಅವರಿಗೆ ಒತ್ತೆ ಇಟ್ಟಾರೆ’ ಎನ್ನುತ್ತಾರೆ. ಎರಡೂ ಸುಳ್ಳು.

ಮೊದಲು ಪುಕ್ಕಟೆ ದುಡ್ಡಿನ ಮಾತು. 2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆಯಡಿ ಬಳ್ಳಾರಿಯೂ ಸೇರಿ ಹಲವು ಬರದ ಜಿಲ್ಲೆಗಳಲ್ಲಿ ಕೆರೆಗಳ ಹೂಳು ತೆಗೆಸಿ, ತೂಬು, ಕೋಡಿ ರಿಪೇರಿ ಮಾಡಿಸಲಾಯಿತು. ಆಗ ಕೂಡ್ಲಿಗಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಣ ವಿಶ್ವಬ್ಯಾಂಕ್ ಬಳಗದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯದು (ಐಡಿಎ). ಅದು ದಾನವಲ್ಲ, ಸಾಲ. ಬಡ್ಡಿ ಇಲ್ಲ, ಆದರೆ ವರ್ಷಕ್ಕೆ ಶೇ. 0.75 ಸೇವಾ ಶುಲ್ಕ ಉಂಟು. ಅಸಲು ತೀರಿಸಲು ದಶಕಗಳ ಕಂತು. ಕಾಗದಕ್ಕೆ ಸಹಿ ಹಾಕುವುದು ಕೇಂದ್ರ ಸರ್ಕಾರ, ಕಂತು ಕಟ್ಟುವುದು ತೆರಿಗೆ ಹಣ. ಸೋಪು, ಡೀಸೆಲ್ ಕೊಳ್ಳುವ ಎಲ್ಲರೂ ಆ ಕಂತಿನಲ್ಲಿದ್ದಾರೆ. ಊರಿನ ಕೆರೆ ಬಳಕೆದಾರರ ಸಂಘವೂ ಕೆಲಸದ ಖರ್ಚಿನಲ್ಲಿ ಒಂದು ಪಾಲು ಹೊರಬೇಕಿತ್ತು. ಹೊಸಪೇಟೆ ಸುತ್ತಿನ ಹಳೆಯ ವಿಜಯನಗರ ಕಾಲುವೆಗಳ ಆಧುನೀಕರಣಕ್ಕೆ 2020ರಲ್ಲಿ ಒಪ್ಪಂದವಾದ 9.1 ಕೋಟಿ ಡಾಲರೂ ಸಾಲವೇ. ಕೊಟ್ಟದ್ದು ವರ್ಲ್ಡ್ ಬ್ಯಾಂಕ್ ಅಲ್ಲ, ಮನಿಲಾದ ಏಷ್ಯಾ ಅಭಿವೃದ್ಧಿ ಬ್ಯಾಂಕ್. ನಮ್ಮ ಕಡೆ ಹೊರದೇಶದ ಹಣವೆಲ್ಲ ಒಂದೇ ಹೆಸರಿನಲ್ಲಿ ಓಡಾಡುತ್ತದೆ.

ಒತ್ತೆಯ ಮಾತಿಗೆ ಮೂಲ 1991. ಆ ವರ್ಷ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟದ್ದು ನಿಜ. ಆದರೆ ಇಟ್ಟದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಳಿಯಲ್ಲ, ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ. ಆ ಸಾಲ ಅದೇ ವರ್ಷ ತೀರಿತು. ಐಎಂಎಫ್‌ನಿಂದ ತಂದದ್ದು ಬೇರೆ ಸಾಲ, ಅದೂ 2000ದಲ್ಲಿ ಚುಕ್ತಾ ಆಯಿತು. ಈಗ ಕೇಂದ್ರ ಸರ್ಕಾರದ ಸಾಲದ ಬಹುಪಾಲು ರೂಪಾಯಿಯಲ್ಲೇ, ದೇಶದ ಬ್ಯಾಂಕುಗಳು, ಎಲ್‌ಐಸಿ, ಭವಿಷ್ಯನಿಧಿಗಳಿಂದ ಎತ್ತಿದ್ದು.

ಮೂರನೆಯ ನಂಬಿಕೆ ಹೆಚ್ಚು ಆಳದ್ದು: ಇವೆಲ್ಲ ಬಿಳಿಯರು ಹುಟ್ಟಿಸಿದ ಸಂಸ್ಥೆಗಳು, ನಾವು ಕೈಯೊಡ್ಡುವವರು ಮಾತ್ರ. ಇದೂ ಪೂರ್ತಿ ನಿಜವಲ್ಲ. 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದ ವಿ.ಕೆ.ಆರ್.ವಿ. ರಾವ್ ಅವರ ಹೆಸರು ಹಳಬರಿಗೆ ನೆನಪಿರಬಹುದು. ಬೆಂಗಳೂರಿನ ಸಾಮಾಜಿಕ, ಆರ್ಥಿಕ ಅಧ್ಯಯನ ಸಂಸ್ಥೆ ಐಸೆಕ್ ಕಟ್ಟಿದವರೂ ಅವರೇ. ರಾಜಕೀಯಕ್ಕೆ ಬರುವ ಎಷ್ಟೋ ಮೊದಲು, 1949ರಲ್ಲಿ, ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪಆಯೋಗದ ಅಧ್ಯಕ್ಷರಾಗಿದ್ದ ಅವರು, ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಕೊಡುವ ಸಂಸ್ಥೆಯೊಂದು ವಿಶ್ವಸಂಸ್ಥೆಯೊಳಗೇ ಬೇಕೆಂದು ಪ್ರಸ್ತಾಪ ಮುಂದಿಟ್ಟರು. ಶ್ರೀಮಂತ ದೇಶಗಳು ಒಪ್ಪಲಿಲ್ಲ. ವಿಶ್ವಸಂಸ್ಥೆಯಲ್ಲಿ ಒಂದು ದೇಶಕ್ಕೆ ಒಂದೇ ಮತ. ಹಣ ತಮ್ಮದು, ತೀರ್ಮಾನ ಬಡವರದು ಎಂದಾದರೆ ಯಾರು ಸುಮ್ಮನಿರುತ್ತಾರೆ! ದಶಕದ ಹಗ್ಗಜಗ್ಗಾಟದ ನಂತರ, 1960ರಲ್ಲಿ, ಸುಲಭ ಸಾಲದ ಸಂಸ್ಥೆ ಬಂತು. ಆದರೆ ವಿಶ್ವಬ್ಯಾಂಕಿನ ಸೂರಿನಡಿ, ಹೆಚ್ಚು ಹಣ ಹಾಕಿದವರಿಗೆ ಹೆಚ್ಚು ಮತ ಎಂಬ ನಿಯಮದೊಂದಿಗೆ. ಅದೇ ಐಡಿಎ. ನಮ್ಮ ಕೆರೆಗಳಿಗೆ ಬಂದ ಸಾಲದ ಹಿಂದಿನ ವಾದ ಮಂಡಿಸಿದವರಲ್ಲಿ ಮುಂಚೂಣಿಯವರು ಬಳ್ಳಾರಿಯ ಸಂಸದರಾದರು ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳುವವರು ಕಡಿಮೆ. ದಶಕಗಳ ಕಾಲ ಐಡಿಎಯ ಅತಿ ದೊಡ್ಡ ಸಾಲಗಾರನಾಗಿದ್ದ ಭಾರತ 2014ರಲ್ಲಿ ಆ ಅರ್ಹತೆ ದಾಟಿತು. ಈಗ ಆ ನಿಧಿಗೆ ಹಣ ಕೊಡುವವರ ಸಾಲಿನಲ್ಲೂ ಇದೆ.

ಈಚಿನ ನಂಬಿಕೆಯೆಂದರೆ ಭಾರತ, ಚೀನಾ, ರಷ್ಯಾ ಸೇರಿ ಐದು ದೇಶಗಳು ಕಟ್ಟಿದ ಬ್ರಿಕ್ಸ್ ಬ್ಯಾಂಕ್ ಬಂತು, ಡಾಲರ್ ಆಟ ಮುಗಿಯಿತು ಎಂಬುದು. ವಾಟ್ಸಾಪ್ ಅರ್ಥಶಾಸ್ತ್ರ ಇದು. ಶಾಂಘೈಯಲ್ಲಿ 2015ರಲ್ಲಿ ಕೆಲಸ ಶುರುಮಾಡಿದ ಆ ಬ್ಯಾಂಕಿನ ಮೊದಲ ಅಧ್ಯಕ್ಷರು ಮಂಗಳೂರಿನ ಕೆ.ವಿ. ಕಾಮತ್. ಸ್ಥಾಪಕ ಐದು ದೇಶಗಳಿಗೂ ಸಮಪಾಲು, ಯಾರಿಗೂ ವೀಟೊ ಇಲ್ಲ. ಇದು ನಿಜಕ್ಕೂ ಹೊಸತು. ಆದರೆ ಅದು ಸಾಲ ಕೊಡುವುದರಲ್ಲಿ ದೊಡ್ಡ ಪಾಲು ಡಾಲರಿನಲ್ಲೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಸ್ಥಾಪಕ ಸದಸ್ಯ ರಷ್ಯಾದ ಹೊಸ ವ್ಯವಹಾರಗಳನ್ನೇ ತಡೆಹಿಡಿಯಿತು. ಡಾಲರ್ ಮಾರುಕಟ್ಟೆಯಲ್ಲಿ ಹಣ ಎತ್ತುವ ಬ್ಯಾಂಕಿಗೆ ಬೇರೆ ದಾರಿ ಇರಲಿಲ್ಲ.

ಹಾಗಾಗಿ ಜಗಳ ನಡೆಯುತ್ತಿರುವುದು ಹಳೆಯ ಮನೆಯಲ್ಲೇ, ಮತಗಳ ಹಂಚಿಕೆಯ ಮೇಲೆ. ಐಎಂಎಫ್‌ನ ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕ ಒಂದರ ಕೈಯಲ್ಲೇ ಸುಮಾರು ಶೇ. 16.5 ಇದೆ, ಅಂದರೆ ಅದು ಬೇಡವೆಂದರೆ ಆಗದು. ಭಾರತದ್ದು ಶೇ. 2.6ರ ಆಸುಪಾಸು. 2023ರ ಡಿಸೆಂಬರಿನಲ್ಲಿ ಮತಗಳಿಗೆ ಆಧಾರವಾದ, ಎಲ್ಲ ದೇಶಗಳ ಕೋಟಾವನ್ನು ಅರ್ಧದಷ್ಟು ಏರಿಸಲು ಒಪ್ಪಿಗೆಯಾಯಿತು, ಆದರೆ ಯಾರ ಪಾಲೂ ಕದಲಲಿಲ್ಲ.