ಜೈವಿಕ ತಂತ್ರಜ್ಞಾನ: ನಮ್ಮ ನಾಡಿನಲ್ಲಿ ಉದ್ಯೋಗ ಮತ್ತು ಉದ್ಯಮದ ಅವಕಾಶಗಳು

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ಪಾಲಕರು ಶಿಕ್ಷಕರನ್ನು ಹುಡುಕಿಕೊಂಡು ಬರುವುದು ಪ್ರತಿವರ್ಷದ ರೂಢಿ. ವೈದ್ಯಕೀಯ ಶಿಕ್ಷಣಕ್ಕೆ ಪ್ರವೇಶ ದೊರೆಯದ ವಿದ್ಯಾರ್ಥಿ ಮುಂದೇನು ಓದಬೇಕು, ಜೈವಿಕ ತಂತ್ರಜ್ಞಾನವನ್ನು ಆಯ್ದುಕೊಂಡರೆ ಅನ್ನಕ್ಕೆ ದಾರಿಯಾದೀತೆ ಎಂಬುದು ಅವರು ಕೇಳುವ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆಗೆ ಕೆಲವರು ಕಣ್ಣು ಮುಚ್ಚಿ ಹೌದೆನ್ನುತ್ತಾರೆ; ಮತ್ತೆ ಕೆಲವರು ಅಷ್ಟೇ ಸುಲಭವಾಗಿ ಬೇಡವೆನ್ನುತ್ತಾರೆ. ಎರಡು ಉತ್ತರಗಳೂ ಅರೆಸತ್ಯಗಳು. ಈ ವಿದ್ಯೆಯ ಸ್ವರೂಪವೇನು, ನಮ್ಮ ರಾಜ್ಯದಲ್ಲಿ ಅದು ಬೆಳೆದು ಬಂದ ಬಗೆ ಯಾವುದು, ಅದರಲ್ಲಿ ನೆಲೆ ಕಂಡುಕೊಳ್ಳಲು ಹಳ್ಳಿಯ ಮಕ್ಕಳಿಗೆ ಏನೇನು ಅವಶ್ಯ ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜೈವಿಕ ತಂತ್ರಜ್ಞಾನವೆಂದರೇನು?

ಜೀವಿಗಳಿಂದ ಅಥವಾ ಜೀವಕೋಶಗಳಿಂದ ಮನುಷ್ಯನಿಗೆ ಉಪಯುಕ್ತವಾದ ವಸ್ತುಗಳನ್ನು ಪಡೆಯುವ ವಿದ್ಯೆಯೇ ಜೈವಿಕ ತಂತ್ರಜ್ಞಾನ. ಈ ಅರ್ಥದಲ್ಲಿ ಹಾಲಿಗೆ ಹೆಪ್ಪು ಹಾಕುವುದೂ, ದೋಸೆಯ ಹಿಟ್ಟನ್ನು ಹುದುಗಿಸುವುದೂ ಅದರ ಪುರಾತನ ರೂಪಗಳೇ. ಆದರೆ ಇಂದು ಈ ಹೆಸರಿನಿಂದ ಕರೆಯುವ ಶಾಸ್ತ್ರವು ಹುಟ್ಟಿದ್ದು ೧೯೭೩ರಲ್ಲಿ ಅಮೆರಿಕದ ಕೊಹೆನ್ ಮತ್ತು ಬೋಯರ್ ಎಂಬ ವಿಜ್ಞಾನಿಗಳು ಒಂದು ಜೀವಿಯ ವಂಶವಾಹಿಯನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೆಳೆಸಿದ ಮೇಲೆ.

ಇದರ ಪ್ರಯೋಜನಕ್ಕೆ ಇನ್ಸುಲಿನ್ ಉತ್ತಮ ನಿದರ್ಶನ. ಮೊದಲು ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ನನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯಬೇಕಾಗಿತ್ತು. ೧೯೭೮ರಲ್ಲಿ ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯಕ್ಕೆ ಸೇರಿಸುವ ಪ್ರಯೋಗ ಯಶಸ್ವಿಯಾಯಿತು. ೧೯೮೨ರಲ್ಲಿ ಆ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೃಹತ್ ಉಕ್ಕಿನ ಪಾತ್ರೆಗಳಲ್ಲಿ ಸೂಕ್ಷ್ಮಜೀವಿಗಳಿಗೆ ಸಕ್ಕರೆಯೇ ಮೊದಲಾದ ಆಹಾರವನ್ನೂ ಗಾಳಿಯನ್ನೂ ಒದಗಿಸಿ, ತಕ್ಕ ಉಷ್ಣತೆಯಲ್ಲಿ ಬೆಳೆಸಿ, ಅವು ತಯಾರಿಸಿದ ಇನ್ಸುಲಿನ್ನನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಬೆಳೆಸುವುದಕ್ಕಿಂತ ಶುದ್ಧಗೊಳಿಸುವ ಕೆಲಸವೇ ಅನೇಕ ವೇಳೆ ಹೆಚ್ಚು ಶ್ರಮದ್ದು, ಹೆಚ್ಚು ವೆಚ್ಚದ್ದು. ಹೀಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಇಂಜಿನಿಯರಿಂಗ್ ಮೂರೂ ಕೂಡಿದಲ್ಲಿ ಮಾತ್ರ ಈ ಉದ್ಯಮ ನಡೆಯುತ್ತದೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ನಾಡಿನಲ್ಲಿ ಬೆಳೆದು ಬಂದ ಬಗೆ

ಕರ್ನಾಟಕದಲ್ಲಿ ಈ ಉದ್ಯಮದ ಇತಿಹಾಸವು ಪಪಾಯಿ ಹಣ್ಣಿನಿಂದ ಆರಂಭವಾಗುತ್ತದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆಸ್ಟ್ರೇಲಿಯದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರವನ್ನು ಓದಿ ಬಂದ ಕಿರಣ್ ಮಜುಂದಾರ್ ಅವರಿಗೆ, ಮಹಿಳೆಯೆಂಬ ಕಾರಣದಿಂದ, ನಮ್ಮ ದೇಶದ ಆ ಉದ್ಯಮದಲ್ಲಿ ಸ್ಥಾನ ದೊರೆಯಲಿಲ್ಲ. ಅವರು ೧೯೭೮ರಲ್ಲಿ ಐರ್ಲೆಂಡಿನ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ, ಕೇವಲ ೧೦,೦೦೦ ರೂಪಾಯಿಗಳ ಬಂಡವಾಳದಿಂದ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನ್ ಕಂಪನಿಯನ್ನು ತೆರೆದರು. ಪಪಾಯಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ವಸ್ತುವನ್ನೂ ತಯಾರಿಸಿ ಹೊರದೇಶಗಳಿಗೆ ಕಳಿಸುವುದೇ ಅದರ ಮೊದಲ ವ್ಯಾಪಾರ. ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆದ ಆ ಕಂಪನಿಯು ೨೦೦೪ರಲ್ಲಿ ಯೀಸ್ಟ್ ಜಾತಿಯ ಜೀವಿಯಿಂದ ಪಡೆದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಈ ಎರಡರ ನಡುವೆ ಕಾಲು ಶತಮಾನ ಕಳೆದಿತ್ತೆಂಬುದನ್ನು ಉದ್ಯಮಾಕಾಂಕ್ಷಿಗಳು ಮರೆಯಲಾಗದು.

ಇಂತಹ ಉದ್ಯಮಗಳು ಬೆಂಗಳೂರಿನಲ್ಲಿ ನೆಲೆಯೂರಲು ಅಲ್ಲಿನ ವಿಜ್ಞಾನ ಸಂಸ್ಥೆಗಳೂ ಕಾರಣ. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಅವರು ಅಣುಜೀವಭೌತಶಾಸ್ತ್ರಕ್ಕೆ ಅಸ್ತಿಭಾರ ಹಾಕಿದರು. ತೊಂಬತ್ತರ ದಶಕದ ಆರಂಭದಲ್ಲಿ ಒಬೈದ್ ಸಿದ್ದೀಕಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ರೂಪುಗೊಂಡಿತು. ಕೇಂದ್ರ ಸರ್ಕಾರವು ೧೯೮೬ರಲ್ಲಿ ಜೈವಿಕ ತಂತ್ರಜ್ಞಾನಕ್ಕಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿದರೆ, ನಮ್ಮ ರಾಜ್ಯ ಸರ್ಕಾರವು ೨೦೦೧ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಘೋಷಿಸಿತು. ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ — ಇವೆಲ್ಲ ಈ ವಿದ್ಯೆಯ ತವರುಗಳೇ. ೧೯೭೨ರಲ್ಲಿ ಡಾ. ಕಟರ್ಕಿಯವರು ಧಾರವಾಡದಲ್ಲಿ ವರಲಕ್ಷ್ಮೀ ಹತ್ತಿಯ ತಳಿಯನ್ನು ಹೊರತಂದುದು ನಮ್ಮ ಹಿರಿಯ ರೈತರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಅದು ಸಾಂಪ್ರದಾಯಿಕ ಸಂಕರ ವಿಧಾನದ ಫಲವಾದರೂ, ಪ್ರಯೋಗಶಾಲೆಯ ಕೆಲಸವು ಎರೆಭೂಮಿಯ ರೈತನ ಅಂಗಳಕ್ಕೆ ಹೇಗೆ ತಲುಪಬಲ್ಲದೆಂಬುದನ್ನು ತೋರಿಸಿಕೊಟ್ಟಿತು.

ಉದ್ಯೋಗದ ಅವಕಾಶಗಳು

ಜೈವಿಕ ತಂತ್ರಜ್ಞಾನವೆಂದೊಡನೆ ಬಿಳಿಯ ನಿಲುವಂಗಿ ತೊಟ್ಟ ಸಂಶೋಧಕನ ಚಿತ್ರವೊಂದೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ವಾಸ್ತವದಲ್ಲಿ ಸಂಶೋಧನೆಯ ಹುದ್ದೆಗಳು ಮಿತವಾಗಿವೆ. ಅವುಗಳಿಗೆ ಸ್ನಾತಕೋತ್ತರ ಪದವಿಯಾದರೂ ಬೇಕು, ಮುಂದೆ ಬರಲು ಬಹುಪಾಲು ಡಾಕ್ಟರೇಟ್ ಬೇಕು. ಇವುಗಳ ಹೊರತಾಗಿ ತಯಾರಿಕೆ, ಗುಣಮಟ್ಟದ ಪರೀಕ್ಷೆ, ದಾಖಲೆಗಳ ನಿರ್ವಹಣೆ, ಔಷಧ ಪರವಾನಗಿಗೆ ಸಂಬಂಧಿಸಿದ ಕಾರ್ಯ, ರೋಗಿಗಳ ಮೇಲೆ ನಡೆಯುವ ಔಷಧ ಪ್ರಯೋಗಗಳ ಮೇಲ್ವಿಚಾರಣೆ, ಪೇಟೆಂಟ್ ಕೆಲಸ, ಗಣಕಯಂತ್ರದ ನೆರವಿನಿಂದ ಜೀನುಗಳ ವಿಶ್ಲೇಷಣೆ ಮುಂತಾದ ಹತ್ತಾರು ಶಾಖೆಗಳಿವೆ. ಬೇರೆ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವ ಉದ್ಯಮವೂ ಬೆಂಗಳೂರಿನಲ್ಲಿ ಬೆಳೆದಿದೆ. ೧೯೯೩ರಲ್ಲಿ ಸ್ಥಾಪಿತವಾದ ಸಿಂಜೀನ್ ಇದಕ್ಕೆ ಉದಾಹರಣೆ.

ಗುಣಮಟ್ಟ ವಿಭಾಗದ ಕೆಲಸವನ್ನು ಕೀಳೆಂದು ಭಾವಿಸುವ ವಿದ್ಯಾರ್ಥಿಗಳುಂಟು. ಅದು ತಪ್ಪು. ಔಷಧ ಕಾರ್ಖಾನೆಯಲ್ಲಿ ಬರೆದಿಡದ ಕೆಲಸವನ್ನು ಮಾಡದ ಕೆಲಸವೆಂದೇ ಎಣಿಸುತ್ತಾರೆ. ದಿನಾಂಕ, ಸಮಯ, ಅಳತೆ, ಸಹಿ ಇವುಗಳಲ್ಲಿ ಒಂದು ಲೋಪವಾದರೂ ಇಡೀ ತಯಾರಿಕೆಯನ್ನು ತಿರಸ್ಕರಿಸುವ ಪ್ರಸಂಗ ಬರಬಹುದು. ಅಚ್ಚುಕಟ್ಟಾಗಿ ಬರೆಯುವ, ಕಂಡದ್ದನ್ನೇ ಬರೆಯುವ ಅಭ್ಯಾಸವನ್ನು ಪ್ರೌಢಶಾಲೆಯ ಪ್ರಯೋಗ ವಹಿಯಲ್ಲಿಯೇ ಕಲಿಸಬೇಕಾಗುತ್ತದೆ. ಅಂತೆಯೇ ಹಾಲು ಒಕ್ಕೂಟಗಳ ಪ್ರಯೋಗಶಾಲೆ, ಬೆಳಗಾವಿ ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಿಗೆ ಹೊಂದಿಕೊಂಡ ಎಥೆನಾಲ್ ಘಟಕ, ಆಹಾರ ಪರೀಕ್ಷಾ ಕೇಂದ್ರ, ರೋಗಪತ್ತೆಯ ಪ್ರಯೋಗಶಾಲೆ ಇವೆಲ್ಲವುಗಳಲ್ಲಿಯೂ ಸೂಕ್ಷ್ಮಜೀವಿಶಾಸ್ತ್ರ ಬಲ್ಲವರಿಗೆ ಕೆಲಸವುಂಟು. ಇವು ನಮ್ಮ ಊರುಗಳಿಗೆ ಸಮೀಪದಲ್ಲಿಯೇ ಇವೆ.

ಒಂದು ಕಹಿ ಅನುಭವ

೨೦೦೧ರ ನೀತಿಯ ಆಸುಪಾಸಿನ ವರ್ಷಗಳಲ್ಲಿ ಈ ವಿಷಯವನ್ನು ಬೋಧಿಸುವ ಕಾಲೇಜುಗಳು ನಾಡಿನಲ್ಲೆಲ್ಲ ತಲೆಯೆತ್ತಿದವು. ಉದ್ಯಮವು ಬೆಳೆದ ವೇಗಕ್ಕಿಂತ ಪದವೀಧರರ ಸಂಖ್ಯೆ ಬೆಳೆದ ವೇಗ ಹೆಚ್ಚಾಯಿತು. ಆ ಉತ್ಸಾಹದ ದಿನಗಳಲ್ಲಿ ನಾನೂ ಒಬ್ಬ ಜಾಣ ವಿದ್ಯಾರ್ಥಿಗೆ, ಒಕ್ಕಲಿಗ ಮನೆತನದ ಹುಡುಗನಿಗೆ, ಇದನ್ನೇ ಓದೆಂದು ಸಲಹೆ ಕೊಟ್ಟೆ. ಅವನ ತಂದೆ ಎರಡು ಎಕರೆ ಹೊಲವನ್ನು ಒತ್ತೆಯಿಟ್ಟು ಮಗನನ್ನು ಓದಿಸಿದರು. ಕಾಲೇಜಿನ ಕಟ್ಟಡ ಭವ್ಯವಾಗಿತ್ತು. ಅಲ್ಲಿ ಏನು ಕಲಿಸುತ್ತಾರೆಂದು ನಾನು ವಿಚಾರಿಸಲಿಲ್ಲ. ಪದವಿಯ ನಂತರ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದಾಗ, ಮೈಕ್ರೋಪಿಪೆಟ್ಟನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿರುವೆಯಾ ಎಂದು ಕೇಳಿದರಂತೆ. ಗಾಜಿನ ಕಪಾಟಿನೊಳಗೆ ನೋಡಿದ್ದೇನೆ ಎಂದು ಅವನು ನಿಜವನ್ನೇ ಹೇಳಿದನು. ಕೆಲಸ ದೊರೆಯಲಿಲ್ಲ.

ಎರಡು ವರ್ಷ ಅವನು ಊರಲ್ಲಿ ಔಷಧ ಅಂಗಡಿಯೊಂದರಲ್ಲಿ ದುಡಿದನು. ಕೊನೆಗೆ ಅವನಿಗೆ ದಾರಿ ತೋರಿದವರು, ನಮ್ಮಲ್ಲಿಯೇ ಓದಿ ಕಿಣ್ವ ತಯಾರಿಸುವ ಕಾರ್ಖಾನೆಯೊಂದರಲ್ಲಿ ಪರೀಕ್ಷಾ ವಿಭಾಗದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು. ಜಾತ್ರೆಗೆ ಬಂದಾಗ ಆಕಸ್ಮಿಕವಾಗಿ ಭೇಟಿಯಾದ ಅವರು ಆರು ತಿಂಗಳ ತರಬೇತಿಗೆ ಎಲ್ಲಿ ಅರ್ಜಿ ಹಾಕಬೇಕೆಂದು ತಿಳಿಸಿ, ತಮ್ಮ ಕೊಠಡಿಯಲ್ಲಿಯೇ ಅವನಿಗೆ ಇರಲು ಎಡೆ ಕೊಟ್ಟರು. ಇಂದು ಅವನು ಅದೇ ಕ್ಷೇತ್ರದಲ್ಲಿ ನೆಮ್ಮದಿಯಾಗಿದ್ದಾನೆ. ಹೊಲವೂ ಬಿಡುಗಡೆಯಾಗಿದೆ. ಆದರೆ ಆ ಭೇಟಿ ಆಕಸ್ಮಿಕವಾಗಿತ್ತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಜಾತ್ರೆಗೆ ಅವರು ಬಾರದಿದ್ದರೆ?

ಪರಿಚಯದ ಬಲ

ಸಂಪರ್ಕವೆಂದರೆ ಶಿಫಾರಸು ಎಂದು ತಿಳಿಯುವುದು ನಮ್ಮಲ್ಲಿ ಸಾಮಾನ್ಯ. ಇಲ್ಲಿ ಹೇಳುವ ಸಂಪರ್ಕ ಅದಲ್ಲ. ಯಾವ ಪ್ರಯೋಗಶಾಲೆಯಲ್ಲಿ ಏನು ನಡೆದಿದೆ, ಯಾರಿಗೆ ಎಂತಹ ಕೈಗಳು ಬೇಕಾಗಿವೆ, ಯಾವ ಪರೀಕ್ಷೆಗೆ ಎಂದು ಅರ್ಜಿ ಹಾಕಬೇಕು ಎಂಬ ತಿಳಿವಳಿಕೆಯು ಒಬ್ಬರಿಂದ ಒಬ್ಬರಿಗೆ ಹರಿಯುವುದೇ ಸಂಪರ್ಕ. ಪಟ್ಟಣದ ಮಕ್ಕಳಿಗೆ ಇದು ಮನೆಯಲ್ಲಿಯೇ ದೊರೆಯುತ್ತದೆ. ಹಳ್ಳಿಯ ಮಗುವಿಗೆ ಯಾರಾದರೂ ಹೇಳಬೇಕು.

ಇದಕ್ಕೆ ತೆರೆದ ಬಾಗಿಲುಗಳು ಹಲವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡನೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳೂ ಶಿಕ್ಷಕರೂ ವಿಜ್ಞಾನಿಗಳೊಡನೆ ಕೆಲವು ವಾರ ಕೆಲಸ ಮಾಡಬಹುದು. ಸ್ನಾತಕೋತ್ತರ ಪ್ರವೇಶಕ್ಕೆ ಗ್ಯಾಟ್-ಬಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಿದೆ. ಅದರ ಮೂಲಕ ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವೂ ಉಂಟು. ಪದವೀಧರರ ಕೈಕೆಲಸದ ಕೊರತೆಯನ್ನು ನೀಗಿಸಲೆಂದೇ ರಾಜ್ಯ ಸರ್ಕಾರವು ಕಾಲೇಜುಗಳಲ್ಲಿ ಬೈಸೆಪ್ ಎಂಬ ಕೌಶಲ ತರಬೇತಿಯನ್ನು ಏರ್ಪಡಿಸಿತು. ೨೦೦೧ರಲ್ಲಿ ಆರಂಭವಾದ ಬೆಂಗಳೂರು ಬಯೋ ಸಮ್ಮೇಳನವು ೨೦೧೭ರಿಂದ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ವಿಲೀನವಾಗಿದೆ. ಅಲ್ಲಿ ಉದ್ಯಮಿಗಳೂ ವಿಜ್ಞಾನಿಗಳೂ ಒಂದೇ ಸೂರಿನಡಿ ದೊರೆಯುತ್ತಾರೆ. ಆದರೆ ಸಮ್ಮೇಳನಕ್ಕೆ ಹೋಗಿ ಕೈಚೀಲ, ಕರಪತ್ರಗಳನ್ನು ತಂದರೆ ಫಲವಿಲ್ಲ. ಯಾರ ಕೆಲಸವನ್ನು ಮೊದಲೇ ಓದಿಕೊಂಡಿದ್ದೇವೆಯೋ ಅವರಲ್ಲಿ ಒಂದು ಸ್ಪಷ್ಟವಾದ ಪ್ರಶ್ನೆಯನ್ನು ಕೇಳಬೇಕು. ಮನೆಗೆ ಬಂದು ನಾಲ್ಕು ಸಾಲು ಕೃತಜ್ಞತೆಯ ಪತ್ರವನ್ನು ಬರೆಯಬೇಕು. ಬೇಡುವ ಮೊದಲು ತಿಳಿಯಬೇಕೆಂಬುದೇ ಇಲ್ಲಿನ ನಿಯಮ.

ಉದ್ಯಮ ಮಾಡಬಯಸುವವರಿಗೆ

ಈ ಕ್ಷೇತ್ರದ ಉದ್ಯಮಗಳೆಲ್ಲ ಕೋಟಿಗಟ್ಟಲೆ ಬಂಡವಾಳ ಬೇಡುವವಲ್ಲ. ಬಾಳೆಯ ಅಂಗಾಂಶ ಕೃಷಿಯನ್ನು ನೋಡೋಣ. ಗಿಡದ ಎಳೆಯ ಕುಡಿಯ ಸಣ್ಣ ತುಣುಕನ್ನು ನಂಜಿಲ್ಲದ ಪೋಷಕ ದ್ರವ್ಯದಲ್ಲಿಟ್ಟು ಬೆಳೆಸಿ, ಪದೇಪದೇ ವಿಭಜಿಸಿ, ಒಂದೇ ಬಗೆಯ ಸಾವಿರಾರು ಸಸಿಗಳನ್ನು ಪಡೆಯುತ್ತಾರೆ. ಅನಂತರ ನೆರಳು ಮನೆಯಲ್ಲಿ ಅವುಗಳನ್ನು ಹೊರಗಿನ ಹವೆಗೆ ಒಗ್ಗಿಸುತ್ತಾರೆ. ತಾಯಿಗಿಡದಲ್ಲಿ ವೈರಸ್ ಇದ್ದರೆ ಅದು ಎಲ್ಲ ಸಸಿಗಳಿಗೂ ಹಬ್ಬಿ, ನಂಬಿದ ರೈತನ ಇಡೀ ತೋಟ ಹಾಳಾಗುತ್ತದೆ. ಆದಕಾರಣ ವೈರಸ್ ಪರೀಕ್ಷೆ ಮತ್ತು ಪ್ರಮಾಣೀಕರಣಕ್ಕಾಗಿ ೨೦೦೬ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೊಂದು ಜಾರಿಗೆ ಬಂದಿತು. ಪ್ರಯೋಗಶಾಲೆಗೆ ಬಂಡವಾಳವಿಲ್ಲದವರು ಎಳೆಯ ಸಸಿಗಳನ್ನು ಕೊಂಡು ಒಗ್ಗಿಸಿ ಮಾರುವ ನೆರಳು ಮನೆಯಿಂದಲೇ ಆರಂಭಿಸಬಹುದು. ಜೈವಿಕ ಗೊಬ್ಬರ, ಕೀಟನಾಶಕ ಜೀವಿಗಳು, ಅಣಬೆ ಬೀಜ ಇವೂ ಇಂಥವೇ. ಇವುಗಳಲ್ಲಿ ಮೊದಲಿನ ಎರಡಕ್ಕೆ ಕಾನೂನಿನ ಪರವಾನಗಿ ಬೇಕು.

ಹೊಸ ಕಲ್ಪನೆಯುಳ್ಳವರಿಗೆ ೨೦೧೨ರಲ್ಲಿ ಸ್ಥಾಪನೆಯಾದ ಬೈರಾಕ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು, ಕಲ್ಪನೆಯನ್ನು ಪರೀಕ್ಷಿಸಿ ನೋಡಲು ೫೦ ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುವ ಯೋಜನೆಯನ್ನು ರೂಪಿಸಿತು. ಬೆಂಗಳೂರಿನ ಸಿ-ಕ್ಯಾಂಪ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಜೈವಿಕ ನಾವೀನ್ಯತಾ ಕೇಂದ್ರಗಳಲ್ಲಿ ಬೆಲೆಬಾಳುವ ಉಪಕರಣಗಳನ್ನು ಬಾಡಿಗೆಯ ಮೇಲೆ ಬಳಸಬಹುದು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಕ್ಷಯರೋಗ ಪತ್ತೆಯ ಯಂತ್ರವು ಬ್ಯಾಟರಿಯಿಂದ ನಡೆಯುವುದರಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಒದಗುತ್ತದೆ. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದಕ್ಕೆ ಮನ್ನಣೆಯಿತ್ತಿತು. ವಿದ್ಯುತ್ ನಿಂತುಹೋಗುವ ಊರಿನ ಕಷ್ಟವನ್ನು ಬಲ್ಲವರಿಗೆ ಇಂತಹ ಕಲ್ಪನೆಗಳು ಸಹಜವಾಗಿ ಹೊಳೆಯಬೇಕು.

ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ೨೦೦೨ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯು ಆರಂಭದಲ್ಲಿ ಕಾಯಿಕೊರಕದ ಕಾಟವನ್ನು ತಗ್ಗಿಸಿತು. ಆದರೆ ಮುಂದೆ ಗುಲಾಬಿ ಕಾಯಿಕೊರಕವು ಅದಕ್ಕೆ ಪ್ರತಿರೋಧವನ್ನು ಬೆಳೆಸಿಕೊಂಡಿತು. ಜೀವಿಗಳೊಡನೆ ವ್ಯವಹರಿಸುವ ವಿದ್ಯೆಯಲ್ಲಿ ಯಾವ ಗೆಲುವೂ ಶಾಶ್ವತವಲ್ಲ. ಆದ್ದರಿಂದಲೇ ಓದು ಮತ್ತು ಸಂಶೋಧನೆ ಎಂದೂ ಮುಗಿಯುವುದಿಲ್ಲ.

ನಾವು ಮಾಡಬೇಕಾದುದು

ಭಾರತದ ಜೈವಿಕ ಆರ್ಥಿಕತೆಯ ಗಾತ್ರವು ೨೦೧೪ರಲ್ಲಿ ಸುಮಾರು ೧,೦೦೦ ಕೋಟಿ ಡಾಲರುಗಳಿದ್ದುದು ೨೦೨೪ರಲ್ಲಿ ೧೬,೫೦೦ ಕೋಟಿ ಡಾಲರುಗಳನ್ನು ದಾಟಿತೆಂದು ಸರ್ಕಾರದ ವರದಿ ಹೇಳುತ್ತದೆ. ಈ ಬೆಳವಣಿಗೆಯಲ್ಲಿ ನಮ್ಮ ಮಕ್ಕಳ ಪಾಲೆಷ್ಟು ಎಂಬುದು ನಮ್ಮನ್ನೂ ಅವಲಂಬಿಸಿದೆ.

ಶಿಕ್ಷಕ ಬಂಧುಗಳು ಸಲಹೆ ಕೊಡುವ ಮೊದಲು ಕಾಲೇಜಿನ ಪ್ರಯೋಗಶಾಲೆಯನ್ನು ವಿಚಾರಿಸಲಿ. ಅಲ್ಲಿ ವಿದ್ಯಾರ್ಥಿ ತನ್ನ ಕೈಯಿಂದ ಕೆಲಸ ಮಾಡುವನೇ ಎಂದು ಕೇಳಲಿ. ಈ ಕ್ಷೇತ್ರದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು, ಹುದ್ದೆ, ವಿಳಾಸಗಳನ್ನು ಶಾಲೆಯ ಕಾರ್ಯಾಲಯಕ್ಕೆ ತಿಳಿಸಿ, ವರ್ಷಕ್ಕೆ ಒಬ್ಬ ಕಿರಿಯನಿಗಾದರೂ ದಾರಿ ಹೇಳಲಿ. ದಾನಿಗಳು ಕಟ್ಟಡಕ್ಕೆ ನೀಡಿದ ನೆರವನ್ನು ಈ ಸಂಸ್ಥೆ ಎಂದೂ ಮರೆಯದು. ಅದರೊಡನೆ, ತರಬೇತಿಗಾಗಿ ಬೆಂಗಳೂರಿಗೆ ಹೋಗುವ ಬಡ ವಿದ್ಯಾರ್ಥಿಯ ಆರು ತಿಂಗಳ ಊಟ ವಸತಿಯ ವೆಚ್ಚಕ್ಕೆ ಒಂದು ಸಣ್ಣ ನಿಧಿಯನ್ನು ಸ್ಥಾಪಿಸಿದರೆ, ಅದರ ಫಲವು ಒಂದು ಕೊಠಡಿಯ ಫಲಕ್ಕಿಂತ ಕಡಿಮೆಯಾಗದು. ಅಂದು ಜಾತ್ರೆಯಲ್ಲಿ ಆಕಸ್ಮಿಕವಾಗಿ ದೊರೆತ ನೆರವು ಮುಂದೆ ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಗೂ ವ್ಯವಸ್ಥಿತವಾಗಿ ದೊರೆಯುವಂತಾಗಲಿ ಎಂದು ಆಶಿಸಿ ಈ ಲೇಖನವನ್ನು ಮುಗಿಸುತ್ತೇನೆ.