ಒಂದು ತಿರಸ್ಕಾರ ಪತ್ರದ ಕತೆ

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಬರುವ ಕತೆಗಳನ್ನು ಮೊದಲು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಈ ಸಲವೂ ಬೇಡವಾದವನ್ನು ಬೇರೆ ಮಾಡಿಟ್ಟು, ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ, ಕ್ಷಮಿಸಿ’ ಎಂದು ಎಂದಿನ ಸಾಲು ಟೈಪು ಮಾಡುವಾಗ ಶಾರ್ಲೆಟ್ ಬ್ರಾಂಟೆ ನೆನಪಾದಳು.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು ಆಕೆ. 1846ರಲ್ಲಿ ಶಾರ್ಲೆಟ್, ಎಮಿಲಿ, ಆ್ಯನ್ ಮೂವರು ಅಕ್ಕತಂಗಿಯರು ಸೇರಿ, ಕೈಯಿಂದ 30 ಪೌಂಡಿಗೂ ಮಿಕ್ಕಿ ಹಣ ಹಾಕಿ ಕವನ ಸಂಕಲನವೊಂದನ್ನು ಅಚ್ಚು ಮಾಡಿಸಿದರು. ಹೆಂಗಸರ ಬರಹವನ್ನು ವಿಮರ್ಶಕರು ಬೇರೆಯೇ ತಕ್ಕಡಿಯಲ್ಲಿ ತೂಗುತ್ತಾರೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಕರರ್, ಎಲ್ಲಿಸ್, ಆ್ಯಕ್ಟನ್ ಬೆಲ್ ಎಂಬ ಹೆಸರುಗಳನ್ನು ಇಟ್ಟುಕೊಂಡರು. ಒಂದು ವರ್ಷದಲ್ಲಿ ಮಾರಾಟವಾದದ್ದು ಎರಡೇ ಪ್ರತಿ!

ಆಮೇಲೆ ಮೂವರೂ ಕಾದಂಬರಿ ಬರೆದರು. ತಂಗಿಯರಿಂದಲೇ 50 ಪೌಂಡ್ ಪಡೆದು ಒಬ್ಬ ಪ್ರಕಾಶಕ ಅವರ ಪುಸ್ತಕಗಳನ್ನು ಒಪ್ಪಿದ. ಶಾರ್ಲೆಟ್‌ಳ ‘ದಿ ಪ್ರೊಫೆಸರ್’ ಮಾತ್ರ ಯಾರಿಗೂ ಬೇಡವಾಯಿತು. ಹಸ್ತಪ್ರತಿ ವಾಪಸು ಬಂದಾಗಲೆಲ್ಲ ಕಟ್ಟಿನ ಮೇಲಿದ್ದ ಹೆಸರನ್ನು ಹೊಡೆದುಹಾಕಿ, ಅದೇ ಕಾಗದದ ಮೇಲೆ ಮುಂದಿನ ಪ್ರಕಾಶಕರ ಹೆಸರು ಬರೆದು ಕಳಿಸುತ್ತಿದ್ದಳು. ಹಿಂದೆ ಯಾರ್ಯಾರು ಬೇಡವೆಂದಿದ್ದಾರೆಂಬುದು ಕಟ್ಟು ಬಿಚ್ಚುವ ಮೊದಲೇ ತಿಳಿಯುತ್ತಿತ್ತು.

ಹಾಗೆ ಅದು ಲಂಡನ್ನಿನ ಸ್ಮಿತ್ ಎಲ್ಡರ್ ಕಂಪನಿಗೆ ಹೋಯಿತು. ಭಾರತದಲ್ಲಿದ್ದ ಆಂಗ್ಲ ಅಧಿಕಾರಿಗಳಿಗೆ ಪುಸ್ತಕ, ಸಾಮಾನು ರವಾನಿಸುವುದೂ ಅವರ ವ್ಯಾಪಾರವಾಗಿತ್ತು. 1851ರಲ್ಲಿ ವ್ಯವಹಾರ ನೋಡಿಕೊಳ್ಳಲು ತಮ್ಮವನೊಬ್ಬನನ್ನು ನಮ್ಮ ಮುಂಬಯಿಗೇ ಕಳಿಸಿದರು. ಆ ಕಂಪನಿಯೂ ‘ದಿ ಪ್ರೊಫೆಸರ್’ ಬೇಡವೆಂದಿತು. ಆದರೆ ಹಸ್ತಪ್ರತಿ ಓದುತ್ತಿದ್ದ ವಿಲಿಯಮ್ಸ್ ಎಂಬವರು ಎರಡು ಪುಟದ ಪತ್ರ ಬರೆದರು. ಬರಹದ ಗುಣವೇನು, ದೋಷವೇನು ಎಂದು ಮರ್ಯಾದೆಯಿಂದ ವಿವರಿಸಿ, ಮೂರು ಸಂಪುಟದ ಕೃತಿ ಇದ್ದರೆ ಗಮನವಿಟ್ಟು ಓದುತ್ತೇವೆ ಎಂದರು. ಆಗ ಬಾಡಿಗೆ ಗ್ರಂಥಾಲಯಗಳು ಒಂದೊಂದೇ ಸಂಪುಟವನ್ನು ಎರವಲು ಕೊಡುತ್ತಿದ್ದುದರಿಂದ ಮೂರು ಸಂಪುಟದ ಕಾದಂಬರಿಗೇ ಗಿರಾಕಿ.

ಆ ಪತ್ರ ತನಗೆ ಒಪ್ಪಿಗೆಗಿಂತ ಹೆಚ್ಚು ಸಂತೋಷ ಕೊಟ್ಟಿತೆಂದು ಶಾರ್ಲೆಟ್ ಮುಂದೆ ನೆನಪಿಸಿಕೊಂಡಿದ್ದಾಳೆ. ಆಗಲೇ ಬರೆಯುತ್ತಿದ್ದ ಇನ್ನೊಂದು ಕಾದಂಬರಿಯನ್ನು ಮುಗಿಸಿ, 1847ರ ಆಗಸ್ಟ್ 24ರಂದು ರೈಲಿನಲ್ಲಿ ಕಳಿಸಿದಳು. ಕಂಪನಿಯ ಯಜಮಾನ ಜಾರ್ಜ್ ಸ್ಮಿತ್ ಒಂದು ಭಾನುವಾರ ಬೆಳಿಗ್ಗೆ ಹಿಡಿದವನು, ಕುದುರೆ ಸವಾರಿಗೆ ಬರುವೆನೆಂದು ಗೆಳೆಯನಿಗೆ ಕೊಟ್ಟ ಮಾತನ್ನೂ ಬಿಟ್ಟು ಮಲಗುವ ಮೊದಲು ಓದಿ ಮುಗಿಸಿದ. ಅಕ್ಟೋಬರಿನಲ್ಲಿ ‘ಜೇನ್ ಏರ್’ ಪುಸ್ತಕವಾಗಿ ಬಂತು. ಮೊದಲಿಗೆ 100, ಒಟ್ಟು 500 ಪೌಂಡ್ ಸಿಕ್ಕಿತು. ಮರುವರ್ಷ ಜುಲೈಯಲ್ಲಿ ಶಾರ್ಲೆಟ್, ಆ್ಯನ್ ಇಬ್ಬರೂ ಲಂಡನ್ನಿಗೆ ಹೋಗಿ ಎದುರು ನಿಂತಾಗಲೇ ‘ಕರರ್ ಬೆಲ್’ ಒಬ್ಬ ಹೆಣ್ಣುಮಗಳೆಂದು ಸ್ಮಿತ್‌ಗೆ ಖಚಿತವಾದದ್ದು. ‘ದಿ ಪ್ರೊಫೆಸರ್’ ಅಚ್ಚಾದದ್ದು 1857ರಲ್ಲಿ, ಶಾರ್ಲೆಟ್ ತೀರಿಕೊಂಡ ಎರಡು ವರ್ಷಕ್ಕೆ.

ಆ ಪತ್ರದ ಜಾಗದಲ್ಲಿ ‘ಸ್ಥಳಾಭಾವ’ವೆಂಬ ಒಂದು ಸಾಲು ಹೋಗಿದ್ದರೆ? ಶಾರ್ಲೆಟ್ ಅದನ್ನೂ ಹೊಡೆದುಹಾಕಿ ಮುಂದಿನ ವಿಳಾಸ ಬರೆಯುತ್ತಿದ್ದಳೇನೋ. ಎಲ್ಲರಿಗೂ ಅಷ್ಟು ಗಟ್ಟಿ ಜೀವ ಇರುವುದಿಲ್ಲ.

ಬೇರೆ ಮಾಡಿಟ್ಟಿದ್ದರಲ್ಲಿ ಡೊಂಬಿವಿಲಿಯ ಹುಡುಗಿಯೊಬ್ಬಳ ಕತೆ ಇತ್ತು. ಮುಂಬಯಿಯಲ್ಲೇ ಹುಟ್ಟಿ, ಮನೆಯಲ್ಲಿ ಅಜ್ಜಿಯಿಂದ ಕನ್ನಡ ಅಕ್ಷರ ಕಲಿತವಳು. ಟೈಪು ಮಾಡಿದ್ದನ್ನು ಅಳಿಸಿ ಮತ್ತೆ ಕೂತೆ. ಅಜ್ಜಿ ಲೋಕಲ್ ಟ್ರೇನಿನಲ್ಲಿ ಹತ್ತುವ ಭಾಗ ಚೆನ್ನಾಗಿದೆ, ಕೊನೆ ಅವಸರದ್ದಾಯಿತು, ಇನ್ನೊಂದು ಕತೆ ಬರೆದು ಕಳಿಸಮ್ಮ, ಖಂಡಿತ ಓದುತ್ತೇನೆ ಎಂದು ಬರೆದೆ. ಒಂದೂವರೆ ಪುಟವಾಯಿತು.