ಮನ್ನಾ, ವಿದ್ಯಾರ್ಥಿವೇತನ, ಸಾಲ

ಪಿಯುಸಿ ಮುಗಿಸಿ ಕಾಲೇಜು ಸೇರುವವರಿಗೆ ಕರ್ನಾಟಕದಲ್ಲಿ ಮೂರು ಬಗೆಯ ಹಣಕಾಸಿನ ನೆರವು ಸಿಗುತ್ತದೆ. ಒಂದರಲ್ಲಿ ಶುಲ್ಕವೇ ಮನ್ನಾ, ಇನ್ನೊಂದರಲ್ಲಿ ಹಿಂದಿರುಗಿಸಬೇಕಿಲ್ಲದ ಹಣ, ಮತ್ತೊಂದು ಸಾಲ. ಹುಡುಕುವುದೂ ಇದೇ ಕ್ರಮದಲ್ಲಿದ್ದರೆ ಒಳ್ಳೆಯದು. ಆದರೆ ಹೆಚ್ಚಿನ ಮನೆಗಳಲ್ಲಿ ಮೊದಲು ನೆನಪಾಗುವುದು ಸಾಲವೇ.

ಶುಲ್ಕ ಮನ್ನಾಕ್ಕೆ ಎಂಜಿನಿಯರಿಂಗ್‌ನ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ಒಳ್ಳೆಯ ಉದಾಹರಣೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಸಿಇಟಿ ರ‍್ಯಾಂಕ್ ನೋಡಿ ಹಂಚಲಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು. ಬಿಟ್ಟುಕೊಡುವುದು ಬೋಧನಾ ಶುಲ್ಕವನ್ನಷ್ಟೇ. ಉಳಿದ ಶುಲ್ಕ, ಹಾಸ್ಟೆಲ್ ಖರ್ಚು ತಪ್ಪದು.

ವಿದ್ಯಾರ್ಥಿವೇತನಗಳಲ್ಲಿ ಹೆಚ್ಚು ಜನರನ್ನು ಮುಟ್ಟುವುದು ಮೆಟ್ರಿಕ್ ನಂತರದ ವೇತನ. ಅದಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ಯೋಜನೆಯಲ್ಲಿ ಆದಾಯ ಮಿತಿ 2.5 ಲಕ್ಷ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ, ವಸತಿಗೆಂದು ಬಂದ ‘ವಿದ್ಯಾಸಿರಿ’ ಶುರುವಾದಾಗ ತಿಂಗಳಿಗೆ 1,500ರಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುತ್ತಿತ್ತು. ಅಂಕವನ್ನೇ ಮುಖ್ಯವಾಗಿ ನೋಡುವ ಕೇಂದ್ರದ ಯೋಜನೆಯೂ ಇದೆ: ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ 20ರೊಳಗೆ ಬಂದು, ಆದಾಯ 4.5 ಲಕ್ಷ ಮೀರದವರು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಗೆ ವರ್ಷಕ್ಕೆ 12,000 ರೂಪಾಯಿ.

ಅರ್ಹತೆ ಇದ್ದೂ ಹಣ ಕೈಸೇರದಿರಲು ಕಾರಣ ಬಹುಪಾಲು ಕಾಗದಪತ್ರದ್ದು. ನಾಡಕಚೇರಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಸೇರಿ ಇನ್ನೊಂದು ಹೆಸರಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಣ ನೇರವಾಗಿ ಆಧಾರ್ ಆಧಾರಿತವಾಗಿ ಬರುವುದರಿಂದ ಖಾತೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿರುತ್ತದೆ ಎನ್ನುವಂತಿಲ್ಲ. ಎರಡು ಖಾತೆಗಳಿದ್ದರೆ ಕೊನೆಯದಾಗಿ ಜೋಡಿಸಿದ್ದಕ್ಕೆ ಹಣ ಹೋಗುತ್ತದೆ. ಬಾರದ ಹಣ ಎಷ್ಟೋ ಸಲ ಮರೆತ ಖಾತೆಯಲ್ಲಿ ಕುಳಿತಿರುತ್ತದೆ.

ಇಷ್ಟಾದರೂ ಸಾಲದಿದ್ದರೆ ಶಿಕ್ಷಣ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಪಾಲು ಹಾಕಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲದಿದ್ದರೂ ಬಡ್ಡಿ ಏರುತ್ತಲೇ ಇರುತ್ತದೆ. ನಾಲ್ಕು ವರ್ಷದ ಬಿಇಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ಪಡೆದು, ಬಡ್ಡಿ ಶೇ 10ರ ಸರಳ ಬಡ್ಡಿ ಎಂದುಕೊಂಡರೆ, ಕಂತು ಶುರುವಾಗುವ ಹೊತ್ತಿಗೆ 4 ಲಕ್ಷ 5.4 ಲಕ್ಷವಾಗಿರುತ್ತದೆ. ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ 4.5 ಲಕ್ಷದೊಳಗಿನ ಆದಾಯದ ಕುಟುಂಬಗಳ ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವ, 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಉಂಟು. ಸಾಲ ತೀರಿಸಲು ಶುರು ಮಾಡಿದ ವರ್ಷದಿಂದ ಎಂಟು ವರ್ಷ, ಕಟ್ಟಿದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ವಿನಾಯಿತಿಯೂ ಸಿಗುತ್ತದೆ.